ಮುಷ್ಟಿ ಎತ್ತಿದವರು

ಕರೆಂಟು ಹೋಗಿ, ಫ್ಯಾನು ನಿಂತು, ಅಧಿಕಾರಿಗಳು ಸಿಡಿಮಿಡಿಗೊಳ್ಳಬಹುದಿತ್ತು. ದಾರದ ಉಂಡೆ ಸಿಕ್ಕಾಗಬಹುದಿತ್ತು. ಕೊಟ್ಟೂರಿನ ಬಸ್ಸು ಕೈಕೊಟ್ಟು, ಅವರು ಬಂದ ಮೇಲೆ ನಾನು ಬರಬಹುದಿತ್ತು. 'ನೀರಿನ ಟ್ಯಾಂಕು' ಆಗಿ ನಿಲ್ಲುವ ಹುಡುಗನಿಗೆ ನಗು ಬಂದು, ಅದು 'ಪಾಯಿಖಾನೆ' ಆದವನಿಗೂ ಹತ್ತಿ, ಪಾಠವೇ ನಗೆಪಾಟಲಾಗಬಹುದಿತ್ತು. ಹೆಡ್ ಮಾಸ್ತರರು ನಡುವೆ ಬಾಯಿ ಹಾಕಿ ತಮ್ಮ ಸೇವಾವಧಿಯ ಕಥೆ ಶುರು ಮಾಡಬಹುದಿತ್ತು. ಅಡುಗೆ ಕೋಣೆಯ ಹತ್ತಿರ ಮಲಗುವ ನಾಯಿ ಒಳಗೆ ಬರಬಹುದಿತ್ತು. ನನ್ನ ಪ್ಯಾಂಟಿನ ಜಿಪ್ಪಿನ ಮೇಲೆ ನನಗೆ ಎಂದೂ ನಂಬಿಕೆಯಿಲ್ಲ. ಇದೆಲ್ಲವನ್ನೂ ಅಧಿಕಾರಿಗಳು ಬರುವ ಹಿಂದಿನ ದಿನ ಕೂಡ್ಲಿಗಿಯ ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಬರೆದಿದ್ದೆ. ಹೆಂಡತಿ ಓದಿ, "ಭೂಕಂಪ ಒಂದು ಬಿಟ್ಟೀರಿ ನೋಡ್ರಿ" ಅಂದಳು. ಅದನ್ನೂ ಸೇರಿಸಿದೆ.

ವಿಷಯ ಇಷ್ಟು. ಹಡಗಲಿಯಲ್ಲಿ ನಮಗೆ ಎರಡು ದಿನ ತರಬೇತಿ ಆಗಿತ್ತು. ಬಿಡಿ ಬಿಡಿಯಾಗಿ ನೋಡದೆ, ಇಡೀ ವ್ಯವಸ್ಥೆಯಾಗಿ ಯೋಚಿಸುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ, ಕಲಿತಿದ್ದಾರೋ ಇಲ್ಲವೋ ಅಳೆಯುವುದು ಹೇಗೆ ಎಂದು. ಒಂದನ್ನು ಎಳೆದರೆ ಇನ್ನೊಂದು ಅಲ್ಲಾಡುತ್ತದೆ. ಅಲ್ಲಾಡಿದ್ದು ಸುತ್ತಿ ಬಂದು ಮೊದಲನೆಯದನ್ನೇ ಎಳೆದರೆ ಅದು 'ಸುತ್ತು'. ಮಗು ತಾನಾಗಿ ಒಂದು ಸುತ್ತು ಕಂಡುಕೊಂಡರೆ ಎ ಶ್ರೇಣಿ, ಬರೀ ಬಾಣದ ಗುರುತು ಹಾಕಿದರೆ ಬಿ, ಹಲಗೆ ನೋಡಿ ಬರೆದರೆ ಸಿ. ನಾನು ನಮ್ಮ ಶಾಲೆಯ ನೀರಿನ ಟ್ಯಾಂಕನ್ನೇ ಆರಿಸಿಕೊಂಡೆ. ಒಂಬತ್ತನೆಯ ತರಗತಿಯ ಮಕ್ಕಳ ಎದೆಗೆ ಚೀಟಿ ಅಂಟಿಸಿ, ನೀನು ಟ್ಯಾಂಕು, ನೀನು ಬಿಸಿಯೂಟದ ತಟ್ಟೆ, ನೀನು ಪಾಯಿಖಾನೆ, ನೀನು ಹೆಣ್ಣುಮಕ್ಕಳ ಹಾಜರಿ ಎಂದು ನಿಲ್ಲಿಸಿ, ಒಬ್ಬರಿಂದೊಬ್ಬರಿಗೆ ದಾರ ಹಿಡಿಸಿದೆ.

ಹರಪನಹಳ್ಳಿಯಿಂದ ಅಧಿಕಾರಿಗಳು ನೋಡಲು ಬರುತ್ತಾರೆಂದು ತಿಳಿದ ದಿನವೇ ಮಾಸ್ತರರ ಹಳೆಯ ಉಪಾಯಕ್ಕೆ ಶರಣಾದೆ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಅಂಗೈ ಬಿಚ್ಚಿ, ಗೊತ್ತಿಲ್ಲದವರು ಮುಷ್ಟಿ ಕಟ್ಟಿ. ನಾನು ಅಂಗೈಯವರನ್ನು ಮಾತ್ರ ಎಬ್ಬಿಸುತ್ತೇನೆ. ಯಾರದು ಅಂಗೈ, ಯಾರದು ಮುಷ್ಟಿ ಎಂಬುದನ್ನು ಮಕ್ಕಳಿಗೇ ಬಿಟ್ಟರೆ ಅಪಾಯವೆಂದು ಪಟ್ಟಿಯನ್ನೂ ನಾನೇ ಮಾಡಿದೆ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮುಷ್ಟಿಯ ಪಟ್ಟಿಯಲ್ಲಿದ್ದಳು. ಅವಳ ಮಾತು ನಿಧಾನ. ಉತ್ತರ ಬಾಯಿಗೆ ಬರುವಷ್ಟರಲ್ಲಿ ನಾನು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆ. ಅವಳ ತಾಯಿ ನಮ್ಮ ಬಿಸಿಯೂಟದ ಅಡುಗೆಯಾಕೆ. ಆ ವಾರ ಚಹಾ ತಂದಿಟ್ಟು ಕೇಳಿದ್ದಳು: "ಸರ, ಇಕಿಗೆ ಓದು ತಲಿಗೆ ಹತ್ತತೈತೇನು, ನೀವ ಹೇಳ್ರಿ. ಇಲ್ಲಂದ್ರ ಕಾನಹೊಸಹಳ್ಳ್ಯಾಗ ನಮ್ಮಣ್ಣನ ಬಟ್ಟಿ ಅಂಗಡಿ ಐತಿ. ಬ್ಯಾಸಿಗಿಂದ ಅಲ್ಲೇ ನಿಂದರಸ್ತೀನಿ."

"ಈ ಮೌಲ್ಯಮಾಪನ ಒಂದು ಮುಗೀಲಿ. ಶ್ರೇಣಿ ನೋಡಿ ಹೇಳ್ತೀನಿ," ಅಂದೆ. ಯಾವ ಜವಾಬ್ದಾರಿಯೂ ನನ್ನ ಬಾಯಿಂದ ಹೊರಡಬಾರದು ಎಂಬುದು ನನ್ನ ಹಳೆಯ ಎಚ್ಚರ.

ಆ ದಿನ ದಾರ ಸಿಕ್ಕಾಗಲಿಲ್ಲ, ಟ್ಯಾಂಕು ನಗಲಿಲ್ಲ. ಪ್ರತಿ ಪ್ರಶ್ನೆಗೂ ಇಡೀ ತರಗತಿಯ ಕೈ ಮೇಲೆ. "ಏನ್ ಮಾಸ್ತರ, ಒಂದು ಕೈನೂ ಕೆಳಗಿಲ್ಲಲ್ಲ," ಎಂದು ಅಧಿಕಾರಿಗಳು ಖುಷಿಪಟ್ಟರು. ಆಮೇಲೆ ನನ್ನ ತಯಾರಿಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು: "ಈ ದಾರದಾಗ ಇರಬೇಕಾಗಿದ್ದು, ಆದ್ರ ಬಿಟ್ಟುಹೋಗಿದ್ದು ಏನಾರ ಐತಾ?"

ರೂಢಿಯಂತೆ ಕೈಗಳು ಎದ್ದವು. ಕೊನೆಯ ಸಾಲಿನಲ್ಲಿ ಆ ಹುಡುಗಿಯ ಅಂಗೈ ಬಿಚ್ಚಿತ್ತು. ನಾನು ಅವಳನ್ನೇ ನೋಡಿದೆ. ನೋಡುತ್ತಲೇ ಇದ್ದೆ. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಆಮೇಲೆ ಮುಂದಿನ ಬೆಂಚಿನ ಜಾಣನನ್ನು ಎಬ್ಬಿಸಿದೆ. "ಮಳಿ ಸರ," ಅಂದ ಅವನು. ಅಧಿಕಾರಿಗಳು ಬೆನ್ನು ತಟ್ಟಿ ಜೀಪು ಹತ್ತಿದರು.

ಅವರು ಹೋದ ಮೇಲೆ ಮಕ್ಕಳು ಮೌಲ್ಯಮಾಪನದ ಹಾಳೆ ಬರೆದರು. 'ನಾನು ಕಂಡ ಸುತ್ತು' ಎಂಬಲ್ಲಿ ಎಲ್ಲರೂ ಟ್ಯಾಂಕಿನಿಂದ ಹೊರಟು ಎಲ್ಲೋ ನಿಂತುಬಿಟ್ಟಿದ್ದರು. ಆ ಹುಡುಗಿಯ ಹಾಳೆಯಲ್ಲಿ ಮಾತ್ರ ಟ್ಯಾಂಕೇ ಇರಲಿಲ್ಲ. ಮುಷ್ಟಿ ಎತ್ತಿದರೆ ಸರ್ ಕೇಳುವುದಿಲ್ಲ, ಕೇಳದಿದ್ದರೆ ಹೇಳಿ ರೂಢಿಯಾಗುವುದಿಲ್ಲ, ಹೇಳದಿದ್ದರೆ ಸರ್ ಗೊತ್ತಿಲ್ಲ ಅಂದುಕೊಳ್ಳುತ್ತಾರೆ, ಅದಕ್ಕೇ ಮುಷ್ಟಿ. ನಾಲ್ಕು ಬಾಣ, ಗುಂಡಗೆ, ಒಂದರ ಬಾಲ ಇನ್ನೊಂದಕ್ಕೆ ಮುಟ್ಟಿತ್ತು. ಇಡೀ ತರಗತಿಯಲ್ಲಿ ಪೂರ್ತಿಯಾದದ್ದು ಅದೊಂದೇ. ಮರುದಿನ ಹಾಳೆಗಳ ಕಟ್ಟು ಅಧಿಕಾರಿಗಳ ಕಚೇರಿಗೆ ಹೋಗಬೇಕಿತ್ತು.

ಅವಳನ್ನು ಮೇಜಿನ ಹತ್ತಿರ ಕರೆದೆ. "ಯಾರು ಹೇಳಿಕೊಟ್ರು ನಿನಗ ಇದನ್ನ?"

"ನೀವ ಸರ."

"ನಾನ್ಯಾವಾಗ?"

"ಸುತ್ತಿ ಬಂದು ಮೊದಲಿಂದನ್ನ ಎಳದ್ರ ಅದು ಸುತ್ತು ಅಂದ್ರಲ್ರಿ." ಹಾಳೆಯತ್ತ ನೋಡಿ ಕೇಳಿದಳು, "ತಪ್ಪಾತೇನ್ರಿ?"

"ಟ್ಯಾಂಕಿನ ಬಗ್ಗೆ ಬರಿ ಅಂದ್ರ ಮಾಸ್ತರ ಬಗ್ಗೆ ಬರ್ದಾಳ ನೋಡ್ರಪಾ, ಶಾಣ್ಯಾಕಿ," ಎಂದು ಗಟ್ಟಿಯಾಗಿ ಹೇಳಿದೆ. ತರಗತಿ ನಕ್ಕಿತು. ನಗಲಿ ಎಂದೇ ಗಟ್ಟಿಯಾಗಿ ಹೇಳಿದ್ದು.

ಹೊಸ ಹಾಳೆ ಕೊಟ್ಟು, ಹಲಗೆ ತೋರಿಸಿದೆ. ಅವಳು ನೋಡಿಕೊಂಡು ಬರೆದಳು. ನೋಡಿ ಬರೆದರೆ ಸಿ, ನಿಯಮ ನನ್ನದಲ್ಲ. ಹಳೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ.

ತಾಯಿ ಚಹಾ ತಂದಳು. "ಏನ್ ಬಂತ್ರಿ ಸರ?"

"ಸಿ ಬಂದೈತಿ."

"ಸಿ ಅಂದ್ರ?"

"ನೋಡಿ ಬರ್ದಾಳ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಹಂಗಾರ ನಮ್ಮಣ್ಣಗ ಹೇಳಿಬಿಡ್ತೀನಿ. ನೀವು ಖರೇ ಹೇಳಿದ್ದು ಚಲೋ ಆತು." ಸಕ್ಕರೆ ಎಂದಿನಂತೆ ನನ್ನ ಅಳತೆಗೇ ಇತ್ತು. ಪೂರ್ತಿ ಕುಡಿದೆ.

ಹಾಳೆಗಳ ಕಟ್ಟು ಷರಾ ಹೊತ್ತು ವಾಪಸು ಬಂತು: 'ಬಾಣಗಳು ಚೆನ್ನಾಗಿವೆ. ಒಂದೂ ಸುತ್ತು ಕಾಣಲಿಲ್ಲ.' ವರ್ಗಾವಣೆ ಮಾಡಬಹುದೇ, ನೋಟಿಸು ಬರಬಹುದೇ ಎಂದು ಬೇಸಿಗೆಯಿಡೀ ಹೊಸ ಪಟ್ಟಿ ಬರೆದೆ. ಅದರಲ್ಲಿದ್ದದ್ದು ಯಾವುದೂ ಆಗಲಿಲ್ಲ.

ಜೂನಿನಲ್ಲಿ ಹತ್ತನೆಯ ತರಗತಿಯ ಹಾಜರಿ ಕರೆಯುತ್ತಿದ್ದಾಗ ಒಂದು ಹೆಸರಿಗೆ 'ಹಾಜರ್ ಸರ್' ಬರಲಿಲ್ಲ. ಅವಳ ಮಾತು ನಿಧಾನವಲ್ಲವೇ ಎಂದು, ಮೊದಲ ಸಲ, ಸ್ವಲ್ಪ ಹೊತ್ತು ಕಾದೆ. ಆಮೇಲೆ ಮುಂದಿನ ಹೆಸರು ಕರೆದೆ.