‘ಸುಮ್ನಿರವ್ವ’ ಎಂದರೆ ನಿಂತ ಹಸು

ಪಶುವೈದ್ಯಕೀಯ ಓದುವಾಗ ಒಂದು ಸೆಮಿಸ್ಟರ್ ವಿನಿಮಯ ವಿದ್ಯಾರ್ಥಿನಿಯಾಗಿ ಹಾಲೆಂಡಿಗೆ ಹೋಗಿದ್ದೆ. ಅಜ್ಜಂಪುರದ ಪಕ್ಕದ ನಮ್ಮ ಹಳ್ಳಿಯಿಂದ ವಿಮಾನ ಹತ್ತಿದವರಲ್ಲಿ ನಾನೇ ಮೊದಲಿಗಳು. ಅಲ್ಲಿ ಮೊದಲ ವಾರವೇ ಸಹಪಾಠಿಯೊಬ್ಬ, “ನಿಮ್ಮ ಕಡೆ ಹಸುವಿಗೆ ಪೂಜೆ ಮಾಡುತ್ತಾರಂತಲ್ಲ, ನೀನು ಯಾವತ್ತಾದರೂ ಮುಟ್ಟಿದ್ದೀಯಾ?” ಎಂದು ಕೇಳಿದ. ಮೈಯೆಲ್ಲ ಉರಿದುಹೋಯಿತು.

ಒಂದು ದಿನ ಕೊಟ್ಟಿಗೆಯಲ್ಲಿ ಹಸುವಿನ ಕತ್ತಿನಿಂದ ರಕ್ತ ತೆಗೆಯುವ ಪಾಠವಿತ್ತು. ಆ ಹಸು ತಲೆ ಕೊಡವುತ್ತ, ಹಗ್ಗ ಹಿಡಿದಿದ್ದ ಇಬ್ಬರು ದಾಂಡಿಗರನ್ನು ಎಳೆದಾಡುತ್ತಿತ್ತು. ಪ್ರೊಫೆಸರ್ ಸಿರಿಂಜ್ ಹಿಡಿದು ಕಾಯುತ್ತಲೇ ಇದ್ದರು. ಹಗ್ಗ ಸಡಿಲಬಿಡಿ ಎಂದು ನಾನು ಹತ್ತಿರ ಹೋದೆ. ಮನೆಯ ಹಸುಗಳಿಗೆ ಅವ್ವ ಮಾಡುವಂತೆ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸಲು ಕೈ ಹಾಕಿದರೆ, ಆ ಬಡಪಾಯಿಗೆ ಅದು ಹಿಡಿಯಷ್ಟೂ ಇರಲಿಲ್ಲ! ಇದ್ದಷ್ಟನ್ನೇ ತುರಿಸುತ್ತ, “ಸುಮ್ನಿರವ್ವ, ಏನೂ ಆಗಲ್ಲ” ಎಂದೆ. ಹಸು ಕತ್ತು ನೀಡಿ ನಿಂತುಬಿಟ್ಟಿತು.

ಮರುವಾರದಿಂದ ಪ್ರೊಫೆಸರ್ ಕೂಡ ಸೂಜಿ ಚುಚ್ಚುವ ಮೊದಲು ಕತ್ತು ತುರಿಸತೊಡಗಿದರು. ಪ್ರಶ್ನೆ ಕೇಳಿದ್ದ ಸಹಪಾಠಿಯಂತೂ ನನ್ನ ಹತ್ತಿರ ಹೇಳಿಸಿಕೊಂಡು “ಸುಮ್ನಿರವ್ವ” ಅನ್ನುವುದನ್ನೂ ಕಲಿತ.

ಉಬ್ಬಿಹೋಗಿ ಅವ್ವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಹಸುಗಳ ನಡುವೆಯೇ ಬದುಕಿದ ಅವಳು ಕೇಳಿದ್ದು ಒಂದೇ ಮಾತು.

“ಆ ಹುಡುಗ ಹೇಳಿದ್ರೂ ನಿಂತ್ಕಳುತ್ತಾ?”

“ನಿಂತ್ಕಳುತ್ತೆ ಕಣವ್ವ.”

“ಹಂಗಾದ್ರೆ ಸರಿಯಾಗೇ ಕಲ್ಸಿದೀಯ ಬಿಡು.”