ಅತ್ತೆಯ ಮನೆ ಕೊಂಡದ್ದು

ಡಬ್ಲಿನ್‌ನ ಕ್ಯಾಸಲ್‌ನಾಕ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಓನರ್ ಮಾರಲು ಹೊರಟಾಗ ನನಗೆ ಸಿಟ್ಟಿಗಿಂತ ಮೊದಲು ಸುಸ್ತು ಬಂತು. ಮತ್ತೆ ಮನೆ ಹುಡುಕಬೇಕು. ಡಬ್ಲಿನ್‌ನಲ್ಲಿ ಮನೆ ನೋಡಲು ಹೋಗುವುದೆಂದರೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದ ಹಾಗೆ. ಒಳಗಿದ್ದವರು ಯಾವಾಗ ಏಳುತ್ತಾರೆ ಎಂದು ಬಾಗಿಲಲ್ಲಿ ನಿಂತಿರಬೇಕು. ಒಳಗೆ ಹೋದರೆ ಹಿಂದಿನವರು ಆಗಲೇ ನಮ್ಮ ಬೆನ್ನಿಗೆ ಬಂದು ನಿಂತಿರುತ್ತಾರೆ. ಕಿಟಕಿ ತೆಗೆದು ನೋಡುವಷ್ಟರಲ್ಲಿ ಏಜೆಂಟು ಗಡಿಯಾರ ನೋಡುತ್ತಾನೆ.

ನಾನು ಮೈಸೂರಿನಿಂದ ಇಲ್ಲಿಗೆ ಓದಲು ಬಂದು, ಲೆಪರ್ಡ್ಸ್‌ಟೌನ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಇಲ್ಲೇ ಉಳಿದವನು. ನನ್ನ ಹೆಂಡತಿ ಚಿಕ್ಕ ಹುಡುಗಿಯಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಐರ್ಲೆಂಡಿನ ದಕ್ಷಿಣದ ವಾಟರ್‌ಫರ್ಡ್‌ಗೆ ಬಂದವಳು. ಅವಳ ಅಪ್ಪ, ನನ್ನ ಮಾವ, ಒಂದು ವ್ಯಾನಿನಲ್ಲಿ ಕೊಡೆ, ಬೆಲ್ಟು, ಉಣ್ಣೆ ಟೋಪಿ ತುಂಬಿಕೊಂಡು ಸುತ್ತಮುತ್ತಲ ಸಂತೆಗಳಲ್ಲಿ ಮಾರುತ್ತಿದ್ದರು. ಆ ವ್ಯಾಪಾರದಲ್ಲೇ ಏರು ರಸ್ತೆಯೊಂದರಲ್ಲಿ ಸಾಲುಮನೆಯೊಂದನ್ನು ಕೊಂಡು ಸಾಲ ತೀರಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಒಬ್ಬರೇ ಎಂದೆನೆಂದು ಪಾಪ ಅನ್ನಬೇಡಿ. ಅವರನ್ನು ಹಿಡಿಯಬೇಕಾದರೆ ಬೆಳಗ್ಗೆ ಎಂಟರೊಳಗೆ ಫೋನ್ ಮಾಡಬೇಕಿತ್ತು. ಆಮೇಲೆ ಬಿಂಗೋ ಆಟ, ಮಾರ್ಕೆಟ್ಟು, ಗೆಳತಿಯರು.

ಒಂದು ಭಾನುವಾರ ನಾವು ವಾಟರ್‌ಫರ್ಡ್‌ಗೆ ಹೋದಾಗ ಅತ್ತೆ ಅಕ್ಕಿ ರೊಟ್ಟಿ ತಟ್ಟುತ್ತಾ ಇದ್ದಕ್ಕಿದ್ದಂತೆ ಹೇಳಿದರು.

"ಅಳಿಯಂದ್ರೇ, ಯಾರದೋ ಮನೆಗೆ ಯಾಕೆ ಅಷ್ಟು ದುಡ್ಡು ಸುರೀತೀರ? ನನ್ನ ಮನೇನೇ ತಗೊಳ್ಳಿ."

"ನಿಮ್ಮ ಮನೇನಾ? ಮತ್ತೆ ನೀವು?"

"ನಾನೆಲ್ಲಿಗೆ ಹೋಗ್ಲಿ? ಮೇಲೆ ಹಿಂದಿನ ರೂಮಲ್ಲಿ ಇರ್ತೀನಿ. ನೀವು ಹೇಗೂ ವಾರಕ್ಕೊಂದು ದಿನ ತಾನೇ ಆಫೀಸಿಗೆ ಹೋಗೋದು? ಟ್ರೈನ್ ಇದೆಯಲ್ಲ."

ನನಗೂ ಹೆಂಡತಿಗೂ ಇದು ಹೊಳೆದೇ ಇರಲಿಲ್ಲ. ಒಂಬತ್ತು ವರ್ಷದ ಮಗಳನ್ನು ಕೇಳಿದರೆ, "ಅಜ್ಜಿ ಹೌಸ್? ದಟ್‌ಸ್ ಗ್ರ್ಯಾಂಡ್," ಎಂದು ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಐರಿಶ್ ಇಂಗ್ಲಿಷು; ಇಲ್ಲಿ 'ಗ್ರ್ಯಾಂಡ್' ಎಂದರೆ 'ಸರಿ' ಎಂದಷ್ಟೇ.

ಆಮೇಲೆ ಬೆಲೆಯ ಮಾತು. ಜೀವನದಲ್ಲಿ ಅಂಥ ಚೌಕಾಸಿಯನ್ನು ನಾನು ಕಂಡಿಲ್ಲ. ಅತ್ತೆ ಒಂದು ಬೆಲೆ ಹೇಳಿದರು. ನನ್ನ ಹೆಂಡತಿ ನಕ್ಕುಬಿಟ್ಟಳು.

"ಅಮ್ಮ, ಆ ದುಡ್ಡಿಗೆ ಡಬ್ಲಿನ್‌ನಲ್ಲಿ ಕಾರ್ ನಿಲ್ಲಿಸೋಕೂ ಜಾಗ ಸಿಗಲ್ಲ."

"ಮಗಳ ಹತ್ರ ಲಾಭ ಮಾಡ್ಲಾ ನಾನು?"

ನಾನು ಬೆಲೆ ಏರಿಸಿದೆ. ಅವರಿಗೆ ಅವಮಾನವಾದಂತಾಗಿ ಇನ್ನೂ ಇಳಿಸಿದರು. ನಾನು ಮತ್ತೆ ಏರಿಸಿದೆ. "ಇದೇ ಥರ ಮಾತಾಡಿದ್ರೆ ಪುಕ್ಕಟೆ ಕೊಟ್ಬಿಡ್ತೀನಿ ನೋಡಿ," ಎಂದು ಸೌಟು ತೋರಿಸಿದರು. ಸಂತೆಯಲ್ಲಿ ಮಾವನ ಜೊತೆ ನಿಂತು ಒಂದೊಂದು ಟೋಪಿಗೂ ಗಂಟಲು ಹರಿಯುವಂತೆ ವಾದಿಸುತ್ತಿದ್ದ ಹೆಂಗಸು ಇವರೇನಾ ಎಂದು ನನಗೆ ಆಶ್ಚರ್ಯ.

ನನ್ನ ಹೆಂಡತಿ ಏನನ್ನೂ ವಿಚಾರಿಸದೆ ಮಾಡುವವಳಲ್ಲ. ಅಮ್ಮನಿಗೆ ಬರುವ ಪಿಂಚಣಿಗೆ ಇದರಿಂದ ಏನಾದರೂ ತೊಂದರೆ ಇದೆಯೇ ಎಂದು ಕೇಳೋಣ ಎಂದಳು. ಇಲ್ಲಿ ಪಿಂಚಣಿ ಎರಡು ಬಗೆ. ದುಡಿಯುವಾಗ ಸರ್ಕಾರಕ್ಕೆ ವಂತಿಗೆ ಕಟ್ಟಿದವರಿಗೆ ಒಂದು. ಅದನ್ನು ಸಾಕಷ್ಟು ಕಟ್ಟದವರಿಗೆ, ಅವರ ಕೈಯಲ್ಲಿ ಏನೇನಿದೆ ಎಂದು ನೋಡಿ ಕೊಡುವುದು ಇನ್ನೊಂದು. ಮಾವ ವಂತಿಗೆ ಕಟ್ಟಿದ್ದು ನೆನಪಾದಾಗ ಮಾತ್ರ. ಅತ್ತೆ ವರ್ಷಗಟ್ಟಲೆ ಅವರ ಪಕ್ಕದಲ್ಲಿ ನಿಂತು ವ್ಯಾಪಾರ ಮಾಡಿದ್ದರೂ ಅವರ ಹೆಸರು ಎಲ್ಲೂ ಇರಲಿಲ್ಲ. ಹಾಗಾಗಿ ಅವರಿಗೆ ಬರುತ್ತಿದ್ದುದು ಎರಡನೆಯದು.

ವಾಟರ್‌ಫರ್ಡ್‌ನಲ್ಲಿ ಇಂಥದಕ್ಕೆಲ್ಲ ಪುಕ್ಕಟೆ ಸಲಹೆ ಕೊಡುವ ಕಚೇರಿಯೊಂದಿತ್ತು. ಮರುದಿನ ಅತ್ತೆ, ಹೆಂಡತಿ, ನಾನು ಮೂವರೂ ಹೋದೆವು. ಅಲ್ಲಿದ್ದ ಹೆಂಗಸು ಚಹಾ ಬೇಕೇ ಎಂದು ಕೇಳಿ, ನಿಧಾನವಾಗಿ ಬಿಡಿಸಿ ಹೇಳಿದಳು. ನೀವು ವಾಸವಿರುವ ಸ್ವಂತ ಮನೆಯನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದನ್ನು ಮಾರಿ ಅಲ್ಲೇ ಇದ್ದರೆ, ಬಂದ ಹಣ ಬ್ಯಾಂಕಿನಲ್ಲಿರುವ ಹಣವೇ; ಅದನ್ನು ಲೆಕ್ಕಕ್ಕೆ ಹಿಡಿದು ಪಿಂಚಣಿ ಇಳಿಸುತ್ತಾರೆ, ನಿಂತರೂ ನಿಲ್ಲಬಹುದು.

"ಹಾಗಾದ್ರೆ ಕಮ್ಮಿ ಬೆಲೆಗೆ ಕೊಡ್ತೀನಿ," ಅಂದರು ಅತ್ತೆ, ಗೆದ್ದವರಂತೆ ನನ್ನ ಕಡೆ ನೋಡಿ.

ಅದೂ ನಡೆಯುವುದಿಲ್ಲವಂತೆ. ಬೇಕೆಂದೇ ಅಗ್ಗಕ್ಕೆ ಕೊಟ್ಟರೆ ಬಿಟ್ಟುಕೊಟ್ಟ ಹಣವೂ ನಿಮ್ಮ ಬಳಿಯೇ ಇದೆ ಎಂದು ಪಿಂಚಣಿ ಇಲಾಖೆ ಎಣಿಸಬಹುದು. ತೆರಿಗೆಯವರು ಅದನ್ನು ಮಗಳಿಗೆ ಕೊಟ್ಟ ಉಡುಗೊರೆ ಎಂದು ನೋಡಬಹುದು. ಇಷ್ಟು ಸಾಲದೆಂಬಂತೆ ಇನ್ನೊಂದು: ಒಂಟಿಯಾಗಿರುವ ವೃದ್ಧರಿಗೆ ವಾರವಾರ ಸ್ವಲ್ಪ ಹೆಚ್ಚಿಗೆ ಕೊಡುತ್ತಾರಲ್ಲ, ನಾವು ಮೂವರು ಬಂದು ಸೇರಿಕೊಂಡ ದಿನವೇ ಅದು ಹೋಗುತ್ತದೆ.

ಅತ್ತೆ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ನನ್ನ ಬಸ್ ಪಾಸು?"

ಅದು ವಯಸ್ಸಿಗೆ ಕೊಡುವುದು, ಯಾರೂ ಮುಟ್ಟುವುದಿಲ್ಲ ಎಂದಳು ಆಕೆ.

"ಗ್ರ್ಯಾಂಡ್," ಎಂದು ಅತ್ತೆ ಕೈಚೀಲ ತೆಗೆದುಕೊಂಡು ಎದ್ದರು.

ಮನೆಗೆ ಬಂದ ಮೇಲೆ ತಾಯಿ ಮಗಳ ನಡುವೆ ಮಾತು ಬಿಸಿಯಾಯಿತು.

"ಪಿಂಚಣಿ ಎಷ್ಟು ಕಮ್ಮಿ ಆಗುತ್ತೋ ಅಷ್ಟನ್ನ ನಾವೇ ಕೊಡ್ತೀವಿ ಅಮ್ಮ. ಅದರಲ್ಲೇನಿದೆ?"

"ಬೇಡ."

"ಯಾಕೆ ಬೇಡ? ನನ್ನ ದುಡ್ಡು ದುಡ್ಡಲ್ವಾ?"

ಅತ್ತೆ ಕೈಚೀಲವನ್ನು ಮೇಜಿನ ಮೇಲಿಟ್ಟರು. "ನಿಮ್ಮಪ್ಪ ಒಳ್ಳೆಯವರೇ. ಕೇಳಿದಷ್ಟು ಕೊಡೋರು. ಆದ್ರೆ ಕೇಳ್ಬೇಕಿತ್ತು ಕಣೇ. ಚಪ್ಪಲಿ ಬೇಕಂದ್ರೂ ಕೇಳ್ಬೇಕಿತ್ತು. ಈಗ ಶುಕ್ರವಾರ ಪೋಸ್ಟ್ ಆಫೀಸಿಗೆ ಹೋದ್ರೆ ಆ ಹುಡುಗಿ ನನ್ನ ಹೆಸರು ಹಿಡಿದು ಕರೆದು ಕೊಡ್ತಾಳೆ. ಅದು ನಂದು. ಮತ್ತೆ ನಿನ್ನ ಹತ್ರ ಕೇಳೋಕೆ ನಿಂತ್ಕೊಳ್ಲಾ?"

ಶುಕ್ರವಾರಗಳಲ್ಲಿ ಅವರು ಒಳ್ಳೆಯ ಕೋಟು ಹಾಕಿಕೊಂಡು, ತಲೆ ಬಾಚಿ ಹೋಗುವುದನ್ನು ನಾನು ನೋಡಿದ್ದೆ. ಬಿಂಗೋ ಇರಬೇಕು ಎಂದುಕೊಂಡಿದ್ದೆ. ಹೆಂಡತಿ ಹೋಗಿ ಪಾತ್ರೆ ತೊಳೆಯತೊಡಗಿದಳು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡು ನಾವು ಕ್ಯಾಸಲ್‌ನಾಕ್‌ಗೆ ಹಿಂದಿರುಗಿ ಮತ್ತೆ ಪಂಕ್ತಿಯಲ್ಲಿ ನಿಂತೆವು.

ಕೆಲವು ವಾರಗಳಾದ ಮೇಲೆ ಅತ್ತೆಯ ಫೋನು. ಸ್ಪೀಕರಿಗೆ ಹಾಕಿ ಎಂದರು, ಅದು ಗಂಭೀರ ವಿಷಯದ ಗುರುತು.

"ನಾನು ಮತ್ತೆ ಆ ಆಫೀಸಿಗೆ ಹೋಗಿದ್ದೆ. ನಾವು ಕೇಳಿದ್ದೇ ಸರಿಯಿಲ್ಲ. ಮನೆ ಮಾರಿ ಇಲ್ಲೇ ಇದ್ರೆ ಏನಾಗುತ್ತೆ ಅಂತ ಕೇಳಿದ್ವಿ. ಮಾರಿ ಬೇರೆ ಕಡೆ ಹೋದ್ರೆ ಏನಾಗುತ್ತೆ ಅಂತ ಕೇಳ್ಲೇ ಇಲ್ಲ."

"ಬೇರೆ ಎಲ್ಲಿಗೆ ಅಮ್ಮ?" ಹೆಂಡತಿಯ ದನಿ ಸಣ್ಣಗಾಯಿತು.

ವಯಸ್ಸಾದವರು ದೊಡ್ಡ ಮನೆ ಮಾರಿ ತಮಗೆ ಅನುಕೂಲವಾದ ಚಿಕ್ಕ ಮನೆಗೆ ಹೋದರೆ, ಅದನ್ನು ಕೊಂಡು ಉಳಿದ ಹಣವನ್ನು ಒಂದು ಮಿತಿಯವರೆಗೆ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಅಷ್ಟು ಕೇಳಿಕೊಂಡು ಬಂದ ಅತ್ತೆ ಅಲ್ಲಿಗೇ ನಿಂತಿರಲಿಲ್ಲ. ಟ್ರಮೋರ್ ಎಂಬುದು ವಾಟರ್‌ಫರ್ಡ್‌ಗೆ ಹತ್ತಿರದ ಕಡಲೂರು. ಅಲ್ಲಿ ಅವರ ಬಿಂಗೋ ಗೆಳತಿ ಒಬ್ಬಳಿದ್ದಳು, ವಿಧವೆ, ಬಾಯಿ ತುಂಬ ನಗುವ ಹೆಂಗಸು. ಅವಳ ಕಟ್ಟಡದಲ್ಲೇ ನೆಲಮಹಡಿಯ ಒಂದು ರೂಮಿನ ಫ್ಲ್ಯಾಟು ಮಾರಾಟಕ್ಕಿತ್ತು. ಅತ್ತೆ ನೋಡಿಕೊಂಡೂ ಬಂದಿದ್ದರು.

"ಮೆಟ್ಲಿಲ್ಲ. ಹುಲ್ಲು ಕತ್ತರಿಸೋ ಕೆಲಸ ಇಲ್ಲ. ಅಡುಗೆಮನೆ ಕಿಟಕಿಯಿಂದ ಸಮುದ್ರ ಕಾಣುತ್ತೆ. ಸ್ವಲ್ಪ ಬಗ್ಗಿ ನೋಡ್ಬೇಕು ಅಷ್ಟೆ."

"ನಾವು ಆ ಮನೆ ತಗೊಳ್ಳೋಕೆ ಹೊರಟಿದ್ದೇ ನಿನ್ನ ಜೊತೆ ಇರೋಣ ಅಂತ!" ಹೆಂಡತಿಗೆ ಅಳುವೇ ಬಂತು.

"ಅಯ್ಯೋ ಹುಚ್ಚಿ, ಬಸ್ಸಲ್ಲಿ ಅರ್ಧ ಗಂಟೆ. ನಾನೇನು ಆಸ್ಟ್ರೇಲಿಯಾಗೆ ಹೋಗ್ತಿದೀನಾ?"

ಅವಳು ಎರಡು ದಿನ ಸಿಟ್ಟಿನಲ್ಲಿದ್ದಳು. ಅಮ್ಮನಿಗೆ ನಾವು ಬೇಡವಾದೆವು ಎಂಬಂತೆ ನಡೆದುಕೊಂಡಳು. ಮೂರನೇ ದಿನ ಇಬ್ಬರೂ ಫೋನಿನಲ್ಲಿ ಫ್ಲ್ಯಾಟಿನ ಕಿಟಕಿ ಪರದೆಯ ಬಣ್ಣ ಚರ್ಚಿಸುತ್ತಿದ್ದರು.

ಬೆಲೆ ಕಟ್ಟಲು ಮೌಲ್ಯಮಾಪಕನೊಬ್ಬ ಬಂದ ದಿನ ನಾನೂ ಅಲ್ಲಿದ್ದೆ. ಸಾಮಾನ್ಯವಾಗಿ ಮಾರುವವರು ಹೊಗಳುತ್ತಾರೆ, ಕೊಳ್ಳುವವರು ತೆಗಳುತ್ತಾರೆ. ಅತ್ತೆ ಅವನನ್ನು ನೇರವಾಗಿ ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಗೋಡೆಯ ತೇವ ತೋರಿಸಿದರು. ಕಿರುಗುಟ್ಟುವ ಹಲಗೆಯ ಮೇಲೆ ನಿಂತು ಎರಡು ಸಲ ಕುಣಿದು ತೋರಿಸಿದರು. ಚಳಿಗಾಲದಲ್ಲಿ ಬಾಯ್ಲರು ಮಾಡುವ ಸದ್ದನ್ನು ಬಾಯಿಂದಲೇ ಮಾಡಿದರು. ನಾನು ಹಿಂದಿನಿಂದ, "ತೇವ ಅಷ್ಟೇನಿಲ್ಲ, ಬಿಸಿಲು ಚೆನ್ನಾಗಿ ಬರುತ್ತೆ, ನೆರೆಯವರು ಬಹಳ ಒಳ್ಳೆಯವರು," ಎನ್ನುತ್ತಿದ್ದೆ. ಆತ ಕೊನೆಗೆ ಪೆನ್ನು ಕೆಳಗಿಟ್ಟು, "ನಿಮ್ಮಲ್ಲಿ ಮಾರುವವರು ಯಾರು?" ಎಂದು ಕೇಳಿದ. ಅವನು ಹೇಳಿದ ಬೆಲೆ ನನಗೆ ಜಾಸ್ತಿಯೆನಿಸಲಿಲ್ಲ, ಅತ್ತೆಗೆ ವಿಪರೀತವೆನಿಸಿತು. ಅದೇ ಬೆಲೆಗೆ ಕೊಂಡೆವು. ಬ್ಯಾಂಕಿನ ಸಾಲ ಡಬ್ಲಿನ್‌ನಲ್ಲಿ ಆಗಬಹುದಾಗಿದ್ದುದರ ಅರ್ಧದಷ್ಟು.

ಇಂಥ ವ್ಯವಹಾರದಲ್ಲಿ ಇಬ್ಬರಿಗೂ ಬೇರೆ ಬೇರೆ ವಕೀಲರಿರಬೇಕು ಎಂದರು ಬ್ಯಾಂಕಿನವರು. ಅತ್ತೆ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಊಟಕ್ಕೆ ಕೂತಾಗ, ಹಿತ್ತಲಿನ ಶೆಡ್ಡಿನಲ್ಲಿರುವ ಮಾವನ ಕೊಡೆಗಳನ್ನು ತೆಗೆದುಕೊಂಡು ಹೋಗುತ್ತೀರಾ, ಬಿಟ್ಟು ಹೋಗುತ್ತೀರಾ ಎಂದು ನಾನು ಕೇಳಿದರೆ, "ನನ್ನ ಲಾಯರನ್ನ ಕೇಳಿ ಹೇಳ್ತೀನಿ," ಎಂದು ನನ್ನ ತಟ್ಟೆಗೆ ಸಾರು ಬಡಿಸಿದರು.

ನಮ್ಮ ಕಡೆಯ ಕೆಲಸ ಮುಗಿದು ಮನೆ ನಮ್ಮ ಹೆಸರಿಗೆ ಬಂತು. ಟ್ರಮೋರ್ ಫ್ಲ್ಯಾಟಿನ ದಾಖಲೆ ಮಾತ್ರ ಎಲ್ಲೋ ಸಿಕ್ಕಿಕೊಂಡಿತು. ಹೀಗಾಗಿ ನಾವು ಸಾಮಾನು ಸಮೇತ ಬಂದಿಳಿದಾಗ ಅತ್ತೆ ಇನ್ನೂ ಅಲ್ಲೇ ಇದ್ದರು. ಅವರು ಮರುದಿನವೇ ಇಲಾಖೆಗೆ ಫೋನ್ ಮಾಡಿ, ಈಗ ನಾನು ಒಂಟಿಯಲ್ಲ ಎಂದು ತಿಳಿಸಿದರು. "ಕೆಲವೇ ವಾರ ತಾನೇ, ಹೇಳದಿದ್ರೆ ಏನಾಗುತ್ತೆ?" ಎಂದೆ ನಾನು. "ಅಳಿಯಂದ್ರೇ, ಅವರು ನನ್ನನ್ನ ನಂಬಿ ಕೊಡ್ತಾರೆ," ಅಂದರು. ಒಂಟಿಯಾಗಿರುವುದಕ್ಕೆಂದು ಬರುತ್ತಿದ್ದ ಆ ಹೆಚ್ಚುವರಿ ಹಣ ನಿಂತಿತು.

ಆಮೇಲಿನ ಪ್ರತಿ ಶುಕ್ರವಾರ ಪೋಸ್ಟ್ ಆಫೀಸಿನಿಂದ ಬಂದು ಬಾಗಿಲಲ್ಲೇ ಘೋಷಿಸುತ್ತಿದ್ದರು: "ನಿಮ್ಮಿಂದ ಈ ವಾರಾನೂ ನಂಗೆ ನಷ್ಟ!"

"ಸಾರಿ ಅಜ್ಜಿ," ಎನ್ನುತ್ತಿದ್ದಳು ಮಗಳು, ಅವರ ಕೋಟಿನ ಜೇಬಿಗೆ ಕೈ ಹಾಕುತ್ತಾ. ಅಲ್ಲಿ ಅವಳಿಗೆಂದು ತಂದ ಚಾಕಲೇಟು ಇರುತ್ತಿತ್ತು.

ಆ ವಾರಗಳು ಎಷ್ಟು ಚೆನ್ನಾಗಿದ್ದವು! ಮನೆ ಕಿಕ್ಕಿರಿದಿತ್ತು. ಅಜ್ಜಿ ಮೊಮ್ಮಗಳು ಒಂದೇ ರೂಮಿನಲ್ಲಿ ಮಲಗುತ್ತಿದ್ದರು. ಬೆಳಗ್ಗೆ ಬಾತ್‌ರೂಮಿಗೆ ಜಗಳ, ಸಂಜೆ ರಿಮೋಟಿಗೆ ಜಗಳ. ಮಗಳು ಮೊದಲ ಬಾರಿಗೆ ಒಂದು ಪೂರ್ತಿ ಕನ್ನಡ ವಾಕ್ಯ ಆಡಿದಳು, ಅದೂ ಜಗಳದಲ್ಲೇ: "ಅಜ್ಜಿ, ನನ್ನ ಹೊದಿಕೆ ಎಳೀಬೇಡಿ." ಅಡುಗೆಮನೆಯಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಫ್ಲ್ಯಾಟಿನ ದಾಖಲೆ ತಡವಾಗುತ್ತಲೇ ಇತ್ತು. ಕೆಟಲ್ ಕುದಿಯುವುದು ತಡವಾದರೂ ಬೈಯುವ ಅತ್ತೆ ವಕೀಲರಿಗೆ ಒಮ್ಮೆಯೂ ಫೋನ್ ಮಾಡಲಿಲ್ಲ. ಅದನ್ನು ಗಮನಿಸಿದವಳು ನನ್ನ ಹೆಂಡತಿ. ಅವಳ ಮನಸ್ಸಿನಲ್ಲಿ ಉಳಿದಿದ್ದ ಚೂರು ಸಿಟ್ಟೂ ಹೋಯಿತು.

ಆದರೂ ಫ್ಲ್ಯಾಟಿನ ಕೀಲಿಕೈ ಬಂದ ಮೇಲೆ ಅತ್ತೆ ಒಂದು ದಿನವೂ ಹೆಚ್ಚಿಗೆ ನಿಲ್ಲಲಿಲ್ಲ. ಪಾತ್ರೆ, ದೇವರ ಪಟ, ಮಾವನ ಒಂದು ಕೊಡೆ ಇಷ್ಟನ್ನು ನಮ್ಮ ಕಾರಿಗೆ ತುಂಬಿಸಿಕೊಂಡು ಹೊರಟರು. ಇಲಾಖೆಯವರು ಮನೆ ಮಾರಿದ್ದು, ಕೊಂಡದ್ದು ಎಲ್ಲವನ್ನೂ ಪರಿಶೀಲಿಸಲು ಸಾಕಷ್ಟು ಸಮಯ ತೆಗೆದುಕೊಂಡರು. ಆಗ ಮಾತ್ರ ಅತ್ತೆ ಸ್ವಲ್ಪ ಕಂಗಾಲಾಗಿದ್ದರು, ದಿನಕ್ಕೆರಡು ಸಲ ಫೋನ್ ಮಾಡಿ, "ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಿದ್ದರು. ಏನೂ ಆಗಲಿಲ್ಲ. ಪಿಂಚಣಿ ಮೊದಲಿನಷ್ಟೇ ಉಳಿಯಿತು, ಒಂಟಿತನದ ಹಣವೂ ಮರಳಿ ಬಂತು.

ಮೊನ್ನೆ ಶನಿವಾರ ಬಿಸಿಲು ಬಿದ್ದದ್ದೇ ತಡ, ನಾವು ಹೇಳದೆ ಕೇಳದೆ ಟ್ರಮೋರಿಗೆ ಹೋದೆವು. ಬಾಗಿಲು ಬಡಿದರೆ ಉತ್ತರವಿಲ್ಲ. ಫೋನ್ ಮಾಡಿದೆವು. ಹಿಂದೆ ಗಾಳಿ, ಅಲೆ, ಹೆಂಗಸರ ಕಿರುಚಾಟ.

"ನಿನ್ನ ಬಾಗಿಲಲ್ಲಿ ನಿಂತಿದೀವಿ, ಎಲ್ಲಿದೀಯ ಅಮ್ಮ?"

"ನೀರಲ್ಲಿ! ಮೊಣಕಾಲ ತನಕ. ಏನು ಚಳಿ ಅಂತೀಯ! ನೀವ್ಯಾಕೆ ಬಂದ್ರಿ? ಫೋನ್ ಮಾಡಿ ಬರ್ಬಾರ್ದಾ? ಆಮೇಲೆ ಗೆಳತೀರ ಜೊತೆ ಊಟ ಹೊರಗಿದೆ."

ನಾವು ದಡದ ಕಲ್ಲುಗೋಡೆಯ ಮೇಲೆ ಕೂತು ಚಿಪ್ಸ್ ತಿಂದೆವು. ದೂರದಲ್ಲಿ ನಾಲ್ಕೈದು ಹೆಂಗಸರು ಕೈಕೈ ಹಿಡಿದು ಅಲೆಗೆ ಕಾಯುತ್ತಿದ್ದರು. ಯಾರು ಅತ್ತೆ ಎಂದು ಗೊತ್ತಾಗಲಿಲ್ಲ. ಮಗಳು ಸುಮ್ಮನೆ ಎಲ್ಲರಿಗೂ ಕೈ ಬೀಸಿದಳು.