ತುಟಿಯಲ್ಲಿ ಕೇಳಿದ ಕಾರ್ಟೂನು

ಕಬನೂರಿನ ನಮ್ಮ ಮನೆಯಲ್ಲಿ ಟಿ.ವಿ. ಇತ್ತು, ಅದರ ಧ್ವನಿ ಮಾತ್ರ ನಾವು ಯಾವತ್ತೂ ಕೇಳಿದವರಲ್ಲ. ಗೋಡೆಯ ಆಚೆಗೇ ಅಪ್ಪನ ಪಾವರ್‌ಲೂಮ್‌ಗಳು. ಅವು ನಡೆಯುವಾಗ ಪಕ್ಕದಲ್ಲಿ ಕೂತವರು ಕೂಗಿದರೂ ಕೇಳದು. ಕರೆಂಟು ಹೋಗಿ ಅವು ನಿಂತರೆ ಟಿ.ವಿ.ಯೂ ನಿಲ್ಲುತ್ತಿತ್ತು. ಹೀಗಾಗಿಯೇ ಮಗ್ಗದ ಮನೆಯವರು ಸದ್ದಿಲ್ಲದೆ ಬರೀ ತುಟಿಯಾಡಿಸಿ ಮಾತಾಡುತ್ತಾರೆ, ಎದುರಿನವರು ಬಾಯಿ ನೋಡಿ ತಿಳಿದುಕೊಳ್ಳುತ್ತಾರೆ. ನಾನು ಅಕ್ಷರ ಓದುವ ಮೊದಲೇ ಅಕ್ಕನ ತುಟಿ ಓದಲು ಕಲಿತಿದ್ದೆ.

ಸಂಜೆ ಹಿಂದಿಯಲ್ಲಿ ಒಂದು ಜಪಾನಿ ಕಾರ್ಟೂನು ಬರುತ್ತಿತ್ತು. ಕಾಡಿನಲ್ಲಿ ಬೆಳೆದ ಹುಡುಗ, ಅವನಿಗೆ ಹೊಡೆದಾಟದ ಪಟ್ಟು ಕಲಿಸುವ ಮುದುಕ, ದಾರಿಯಲ್ಲಿ ಜೊತೆಯಾಗುವ ಒಬ್ಬ ಹುಡುಗಿ. ಅಕ್ಕ ಟಿ.ವಿ. ಪಕ್ಕದಲ್ಲಿ ನನಗೆ ಮುಖ ಮಾಡಿ ಕೂತು, ಓರೆಗಣ್ಣಿನಲ್ಲಿ ಚಿತ್ರ ನೋಡುತ್ತ, ಎಲ್ಲರ ಮಾತನ್ನೂ ತುಟಿಯಲ್ಲೇ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳಿಗೂ ಏನೂ ಕೇಳುತ್ತಿರಲಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಆ ಹುಡುಗಿ ಅವನ ಅಕ್ಕನಂತೆ, ಸಣ್ಣವನಿದ್ದಾಗ ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಬಂದವಳಂತೆ, ಅವನಿಗೆ ಮಾತ್ರ ಇನ್ನೂ ಹೇಳಿಲ್ಲವಂತೆ.

"ಯಾಕ ಹೇಳವಲ್ಲಳು?" ಎಂದು ಕೇಳುತ್ತಿದ್ದೆ.

"ಹೇಳಿದ್ರ ಅಳತಾನ. ಆಮ್ಯಾಲೆ ಹೊಡದಾಡೋರು ಯಾರು?"

ಅಕ್ಕನನ್ನು ಗಡಹಿಂಗ್ಲಜಕ್ಕೆ ಕೊಟ್ಟರು. ಮಗ್ಗಗಳು ಗುಜರಿಗೆ ಹೋದವು. ಕಳೆದ ವರ್ಷ ಅವಳನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದಾಗ ಗಂಟಲಿಗೆ ನಳಿಗೆ ಹಾಕಿದ್ದರು, ಮಾತು ಹೊರಡುತ್ತಿರಲಿಲ್ಲ. ಅವಳ ಗಂಡ, ನಮ್ಮ ದಾಜಿ, ಅವಳ ಬಾಯಿಗೆ ಕಿವಿ ಹಚ್ಚಿ ಹಚ್ಚಿ ಸೋತುಹೋಗಿದ್ದರು. ನಾನು ಮಂಚದ ಕಾಲ್ದೆಸೆಯಲ್ಲಿ ನಿಂತು ನೋಡಿ, "ತಲೆದಿಂಬ ಮ್ಯಾಲೆ ಸರಿಸಬೇಕಂತ್ರಿ, ದಾಜಿ. ಮತ್ತ ನೀವು ಮುಂಜಾನಿಂದ ಉಂಡಿಲ್ಲಂತ, ಹೋಗಿ ಉಣ್ರಿ ಅನ್ನಾಕತ್ತಾಳ" ಎಂದೆ. ಅವರು ಬಾಗಿಲ ಆಚೆ ಹೋಗಿ ಅತ್ತರು.

ಅವರು ಹೋದ ಮೇಲೆ ಅಕ್ಕ ನಕ್ಕಳು. ತುಟಿಗಳು ಮತ್ತೆ ಆಡಿದವು. "ಆ ಕಾರ್ಟೂನ ನೆನಪೈತೇನೋ? ಎಲ್ಲಾ ನಾನಽ ಹುಟ್ಟಿಸಿ ಹೇಳತಿದ್ದೆ. ಅವ್ರು ಖರೇ ಏನ್ ಮಾತಾಡತಿದ್ರೋ, ನೋಡಿ ಬಂದು ಹೇಳು."

"ಮೊದಲ ನೀ ಆರಾಮ ಆಗು. ಕೂಡೇ ನೋಡೂಣು" ಎಂದೆ. ಅವಳು ಆರಾಮ ಆಗಲಿಲ್ಲ.

ಈಗ ಕಬನೂರಿನ ಮನೆಯ ಅದೇ ಟಿ.ವಿ. ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಮೊದಲ ಕಂತುಗಳನ್ನು ನೋಡುತ್ತಿದ್ದೇನೆ. ಮಗ್ಗವಿಲ್ಲದ ಮನೆಯಲ್ಲಿ ಪ್ರತಿ ಮಾತೂ ಕೇಳುತ್ತದೆ. ಆ ಮುದುಕ ಮೂರು ಹೊತ್ತೂ ಊಟದ ಮಾತೇ ಆಡುತ್ತಾನೆ. ಅಕ್ಕನ ಬಾಯಲ್ಲಿ ಅವನು ಮಠದ ಅಜ್ಜನ ಹಾಗೆ ಬುದ್ಧಿ ಹೇಳುತ್ತಿದ್ದ. ಇದಕ್ಕೆ ನಗು ಬಂತು. ಆದರೆ ಆ ಹುಡುಗಿ ಹುಡುಗನಿಗೆ ಏನೂ ಆಗಬೇಕಿಲ್ಲ. ಯಾವುದೋ ತನ್ನ ಕೆಲಸಕ್ಕೆ ಜೊತೆ ಬಂದವಳು, ಅದು ಮುಗಿದ ಮೇಲೆ ಕೈ ಬೀಸಿ ತನ್ನ ಊರಿಗೆ ಹೋಗಿಬಿಡುತ್ತಾಳೆ. ಇಷ್ಟು ವಯಸ್ಸಾದವನು ಕಾರ್ಟೂನಿನ ಮೇಲೆ ಸಿಟ್ಟಾಗಿ ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ.

ಆಮೇಲೆ ಧ್ವನಿ ಪೂರ್ತಿ ಇಳಿಸಿ ಆ ದೃಶ್ಯವನ್ನೇ ಮತ್ತೆ ಹಾಕಿದೆ. ಹುಡುಗಿ ಕೈ ಬೀಸಿದಳು, ಏನೋ ಅಂದಳು. ಅಕ್ಕ ಇಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಳಬ್ಯಾಡ, ನಾ ನಿಮ್ಮಕ್ಕ ಅದೀನಿ. ಬರತೇನಿ."

ಅವಳು ಕೂರುತ್ತಿದ್ದ ಗೋಡೆಯ ಕಡೆ ಮುಖ ಮಾಡಿದೆ. ನೋಡಿ ಬಂದು ಹೇಳು ಅಂದಿದ್ದಳಲ್ಲ.

"ನೀ ಹೇಳಿದ್ದಽ ಖರೇ ಐತಿ, ಅಕ್ಕಾ. ಅಕಿ ಅವರಕ್ಕನಽ" ಎಂದೆ. ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಆದರೂ ತುಟಿಯಲ್ಲಷ್ಟೇ ಹೇಳಿದೆ.